ಭಾನುವಾರದ ಪ್ರಸಂಗ ಮನೆಯಲ್ಲಿ ವಾರವಿಡೀ ಉಳಿಯಬೇಕಾದರೆ

ಪ್ರಶ್ನೆ: ನಾವು ಧಾರವಾಡದ ಕಡೆಯವರು, ಆರು ವರ್ಷದಿಂದ ಪುಣೆಯಲ್ಲಿದ್ದೇವೆ. ಮಾವನವರಿಗೆ 78 ವರ್ಷ. ಬಿದ್ದು ಸೊಂಟಕ್ಕೆ ಪೆಟ್ಟಾದ ಮೇಲೆ ಚರ್ಚಿನ ಆರಾಧನೆಗೆ ಹೋಗಲು ಆಗುತ್ತಿಲ್ಲ. ಅತ್ತೆಯವರಿಗೆ ಕಿವಿ ಮಂದ. ಮಕ್ಕಳಿಗೆ 13 ಮತ್ತು 8. ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಭಾನುವಾರ ಯೂಟ್ಯೂಬಿನಲ್ಲಿ ಊರಿನ ಆರಾಧನೆ ಹಾಕಿದರೆ ಹತ್ತು ನಿಮಿಷಕ್ಕೆ ಮಕ್ಕಳು ಎದ್ದು ಹೋಗುತ್ತಾರೆ, ಮಾವನವರು ತೂಕಡಿಸುತ್ತಾರೆ. ವಾರಕ್ಕೊಂದು ಪ್ರಸಂಗ (ಬೋಧನೆ), ಒಂದೆರಡು ಸಂಗೀತ (ಆರಾಧನೆಯ ಹಾಡು) ಇಟ್ಟುಕೊಂಡು ಮನೆ ಪ್ರಾರ್ಥನೆ ಶುರುಮಾಡಿದೆವು. ಪ್ರತಿ ಸಲ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು, ಹಾಡು ಯಾರ ಗಂಟಲಿಗೂ ಏರುತ್ತಿರಲಿಲ್ಲ. ಮೂರು ವಾರಕ್ಕೆ ನಿಂತಿತು. ಹೇಗೆ ಮಾಡಬೇಕು?

ಉತ್ತರ: ದೇವಾಲಯದ ಆರಾಧನೆಯನ್ನು ಇಡಿಯಾಗಿ ಮನೆಗೆ ತಂದಿರಿ, ಅದಕ್ಕೇ ಅದು ನಿಂತಿತು. ಅಲ್ಲಿ ಮುಕ್ಕಾಲು ಗಂಟೆ ಸಾಗುವುದಕ್ಕೆ ಕಾರಣಗಳಿವೆ. ನೂರಾರು ಧ್ವನಿಗಳು ಹಾಡನ್ನು ಎತ್ತಿ ಹಿಡಿಯುತ್ತವೆ, ಏಳುವುದು ಕೂರುವುದು ಇರುತ್ತದೆ, ಎದುರಿಗೆ ನಿಂತು ಒಬ್ಬರು ಮಾತಾಡುತ್ತಾರೆ. ಮನೆಯ ಹಾಲಿನಲ್ಲಿ ಆರು ಜನ ಸುತ್ತ ಕೂತಾಗ ಇವು ಯಾವುವೂ ಇರುವುದಿಲ್ಲ. ಮನೆಯಲ್ಲಿ 25 ನಿಮಿಷ ಸಾಕು. ಅಷ್ಟರೊಳಗೆ ಒಂದೇ ವೇದಭಾಗ (ಬೈಬಲಿನ ಭಾಗ), ಆ ವಾರದ ಪ್ರಸಂಗದ ಒಂದೇ ಮಾತು, ನಾಲ್ಕು ವಾರಕ್ಕೆ ಒಂದೇ ಸಂಗೀತ. ವಾರವಾರ ಹೊಸ ಹಾಡು ಎಂದುಕೊಂಡರೆ ಮಕ್ಕಳು ಯಾವುದನ್ನೂ ಕಲಿಯುವುದಿಲ್ಲ.

ಮೊದಲು ಪ್ರಸಂಗ. ಸಿಕ್ಕಿದ ವಿಡಿಯೋ ಹಾಕಬೇಡಿ; ವೇದಭಾಗದಿಂದ ಹೊರಡಿ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಿಗೆ ವರ್ಷದ ಪಾಠಪಟ್ಟಿ ಇದೆ: ಭಾನುವಾರಕ್ಕೊಂದು ವಿಷಯ, ಅದಕ್ಕೆ ಬೈಬಲಿನಿಂದ ಹಳೆಯ ಒಡಂಬಡಿಕೆ, ಕೀರ್ತನೆ, ಪತ್ರಿಕೆ (ಅಪೊಸ್ತಲರ ಪತ್ರ), ಸುವಾರ್ತೆ (ಯೇಸುವಿನ ಚರಿತ್ರೆ). ಊರಿನ ಸಭೆಯಿಂದ ಅದರ ಫೋಟೋ ತರಿಸಿಕೊಂಡರೆ ವರ್ಷಪೂರ್ತಿ ಆಯಿತು. ಬೇರೆ ಹಲವು ಸಭೆಗಳಲ್ಲಿ ಮೂರು ವರ್ಷದ ಸುತ್ತು ನಡೆಯುತ್ತದೆ: ಎ ವರ್ಷ ಮತ್ತಾಯನ ಸುವಾರ್ತೆ, ಬಿ ಮಾರ್ಕನದು, ಸಿ ಲೂಕನದು. ಇಸವಿಯನ್ನು 3ರಿಂದ ಭಾಗಿಸಿ ಶೇಷ ಉಳಿಯದಿದ್ದರೆ ಸಿ ವರ್ಷ, ಶೇಷ 1 ಆದರೆ ಎ, 2 ಆದರೆ ಬಿ. ಆದರೆ ಸಭೆಯ ವರ್ಷ ಜನವರಿಯಲ್ಲಿ ಹುಟ್ಟುವುದಿಲ್ಲ. ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಬರುವ, ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರವೇ ಮುಂದಿನ ವರ್ಷದ ಪಾಠಗಳು ಶುರುವಾಗುತ್ತವೆ. ಈ ಪಟ್ಟಿ ಹಿಡಿದರೆ ಮಾವನವರು ಊರಿನ ಸಭೆ ಓದುವುದನ್ನೇ ಅದೇ ವಾರ ಓದುತ್ತಾರೆ. ದೇವಾಲಯಕ್ಕೆ ಹೋಗಲಾಗದ ಹಿರಿಯರಿಗೆ ಇದು ಸಣ್ಣ ವಿಷಯವಲ್ಲ.

ಭಾಗ ಸಿಕ್ಕ ಮೇಲೆ ಅದರ ಮೇಲಿನ ಪ್ರಸಂಗ ಹುಡುಕಿ. ಬರಹದಲ್ಲಿರುವುದಾದರೆ ಉತ್ತಮ, ವಿಡಿಯೋ ಆದರೆ ನೀವೊಬ್ಬರೇ ಮುಂಚೆ ಕೇಳಿ ಟಿಪ್ಪಣಿ ಮಾಡಿಕೊಳ್ಳಿ. ಒಳ್ಳೆಯ ಪ್ರಸಂಗದಲ್ಲಿ ಓದಿದ ವಚನಗಳು ಕೊನೆಯವರೆಗೂ ಮತ್ತೆ ಮತ್ತೆ ಬರುತ್ತವೆ. ಒಂದು ವಚನ ಓದಿ ಆಮೇಲೆ ಅದರ ಕಡೆ ತಿರುಗಿಯೂ ನೋಡದೆ ಬೋಧಿಸುವವರನ್ನು ಬಿಡಿ. ಕಾಣಿಕೆ ಕಳಿಸಿದರೆ ರೋಗ ವಾಸಿಯಾಗುತ್ತದೆ, ಸಾಲ ತೀರುತ್ತದೆ ಎನ್ನುವವರನ್ನಂತೂ ಮನೆಯೊಳಗೆ ಬಿಡಲೇಬೇಡಿ. ಸೊಂಟ ಮುರಿದು ಕೂತಿರುವ ಹಿರಿಯರು ಅದನ್ನು ಕೇಳಿ, ತಮ್ಮ ನಂಬಿಕೆಯಲ್ಲೇ ಏನೋ ಕೊರತೆಯಿದೆ ಎಂದು ಒಳಗೊಳಗೇ ಕೊರಗುತ್ತಾರೆ. ಒಮ್ಮೆ ಆರಿಸಿದ ಬೋಧಕರನ್ನು ಒಂದು ಕಾಲಾವಧಿಯಾದರೂ ಇಟ್ಟುಕೊಳ್ಳಿ, ಬೂದಿ ಬುಧವಾರದಿಂದ ಈಸ್ಟರ್ ತನಕ ಒಬ್ಬರೇ ಎಂಬ ಹಾಗೆ. ಧ್ವನಿ, ಮಾತಿನ ಧಾಟಿ ರೂಢಿಯಾದ ಮೇಲೆ ವಿಷಯ ಬೇಗ ಒಳಗಿಳಿಯುತ್ತದೆ.

ಈಗ ಕತ್ತರಿಸುವ ಕೆಲಸ. ಕನ್ನಡವನ್ನು ನಿಧಾನವಾಗಿ ಗಟ್ಟಿಯಾಗಿ ಓದಿದರೆ ನಿಮಿಷಕ್ಕೆ ಸುಮಾರು 80ರಿಂದ 100 ಪದ ಸಾಗುತ್ತವೆ. ಗಡಿಯಾರ ಇಟ್ಟು ನಿಮ್ಮ ವೇಗ ನೋಡಿಕೊಳ್ಳಿ. 25 ನಿಮಿಷದ ಪ್ರಸಂಗವೆಂದರೆ 2,000 ಪದಕ್ಕೂ ಮಿಕ್ಕು. ಮನೆಗೆ ಬೇಕಾದದ್ದು 600 ಪದ, ಏಳು ನಿಮಿಷ. ಎಲ್ಲ ಅಂಶಗಳನ್ನೂ ಸ್ವಲ್ಪ ಸ್ವಲ್ಪ ಉಳಿಸಿ ಸಾರಾಂಶ ಮಾಡುವುದು ಸಾಮಾನ್ಯ ತಪ್ಪು. ಆಗ ಉಳಿಯುವುದು ಬರೀ ತಲೆಬರಹಗಳು. ಒಂದೇ ಅಂಶವನ್ನು ಅದರ ಉದಾಹರಣೆ ಸಮೇತ ಇಡಿಯಾಗಿ ಉಳಿಸಿ, ಮಿಕ್ಕಿದ್ದನ್ನು ಪೂರ್ತಿ ಬಿಡಿ.

ಲೂಕ 24ರ ಎಮ್ಮಾಹು ದಾರಿಯ ಭಾಗವನ್ನೇ ತೆಗೆದುಕೊಳ್ಳಿ. 13ರಿಂದ 35, ಒಟ್ಟು 23 ವಚನ. ಶಿಲುಬೆಯಲ್ಲಿ ಸತ್ತ ಯೇಸು ಎದ್ದು ಬಂದ ದಿನ, ಎಮ್ಮಾಹು ಎಂಬ ಹಳ್ಳಿಗೆ ಹೊರಟ ಇಬ್ಬರು ಶಿಷ್ಯರ ಜೊತೆ ಆತನೇ ನಡೆಯುತ್ತಾನೆ, ಅವರಿಗೆ ಗುರುತು ಸಿಗುವುದಿಲ್ಲ. ಇದರ ಮೇಲಿನ ಪ್ರಸಂಗಗಳು ಹೆಚ್ಚಾಗಿ ಮೂರು ಭಾಗವಾಗಿರುತ್ತವೆ: ದಾರಿಯಲ್ಲಿ ಜೊತೆ ನಡೆದದ್ದು, ಶಾಸ್ತ್ರವನ್ನು ವಿವರಿಸಿದ್ದು, ರೊಟ್ಟಿ ಮುರಿದಾಗ ಕಣ್ಣು ತೆರೆದದ್ದು. ಮನೆಯಲ್ಲಿ 17ರಿಂದ 21 ಮತ್ತು 28ರಿಂದ 32, ಹತ್ತೇ ವಚನ ಓದಿ. ನಿಲ್ಲಬೇಕಾದ ಜಾಗ 21ನೆಯ ವಚನ. ಬಿಡಿಸುವವನು ಆತನೇ ಎಂದು ನಿರೀಕ್ಷಿಸಿಕೊಂಡಿದ್ದೆವು, ಎನ್ನುತ್ತಾರೆ ಆ ಇಬ್ಬರು. ಆ ಕ್ರಿಯಾಪದ ಭೂತಕಾಲದಲ್ಲಿದೆ. ನಿರೀಕ್ಷೆ ಇತ್ತು, ಈಗಿಲ್ಲ. ಅದನ್ನು ಅವರು ಹೇಳುತ್ತಿರುವುದು ಯಾರಿಗೆ ಎಂಬುದು ಅವರಿಗೇ ಗೊತ್ತಿಲ್ಲ. ಆತನಾದರೂ ಮಧ್ಯದಲ್ಲಿ ತಡೆಯದೆ, ಅವರ ಮಾತು ಮುಗಿಯುವ ತನಕ ಕೇಳುತ್ತಾನೆ. ನಿಮ್ಮ ಏಳು ನಿಮಿಷಕ್ಕೆ ಇದೊಂದೇ ಸಾಕು. ಶಾಸ್ತ್ರವಿವರಣೆಯ ಭಾಗ ಇನ್ನೊಂದು ವರ್ಷಕ್ಕಿರಲಿ.

ಓದಿ ಮುಗಿಸಿ ಎರಡು ನಿಮಿಷ ಸುಮ್ಮನಿರಿ, ಗಡಿಯಾರ ನೋಡಿಯೇ ಎರಡು. ಆಮೇಲೆ ಒಂದೇ ಪ್ರಶ್ನೆ. "ಇದರಿಂದ ನಾವು ಏನು ಕಲಿತೆವು?" ಎಂದು ಕೇಳಿದರೆ ಶಾಲೆಯ ಉತ್ತರ ಬರುತ್ತದೆ, ದೊಡ್ಡವಳು ಆಕಳಿಸುತ್ತಾಳೆ. "ಆಗುತ್ತದೆ ಅಂತ ಕಾಯ್ದು, ಆಗದೇ ಹೋದದ್ದು ಯಾವುದು?" ಎಂದು ಕೇಳಿ. ಎಂಟು ವರ್ಷದ ಮಗು ಹುಟ್ಟುಹಬ್ಬಕ್ಕೆ ಬಾರದ ಗೆಳೆಯನ ಮಾತು ತೆಗೆಯಬಹುದು, ಅಜ್ಜ ತಮ್ಮ ಕಾಲಿನ ಮಾತು ತೆಗೆಯಬಹುದು. ಯಾರ ಮಾತಿಗೂ ಸಮಾಧಾನ ಹೇಳಲು ಹೋಗಬೇಡಿ, ಪ್ರಾರ್ಥನೆಯಲ್ಲಿ ಅದನ್ನೇ ಹೆಸರಿಸಿ. ಯಾರೂ ಬಾಯಿ ಬಿಡದಿದ್ದರೂ ಪರವಾಗಿಲ್ಲ, ನಾಲ್ಕು ನಿಮಿಷ ಕಾದು ಮುಂದೆ ಹೋಗಿ.

ವೇದವನ್ನು ಯಾವ ಅನುವಾದದಲ್ಲಿ ಓದಬೇಕು ಎಂಬುದನ್ನೂ ಮೊದಲೇ ನಿರ್ಧರಿಸಿ. ಹಿರಿಯರಿಗೆ ಹಳೆಯ ಸತ್ಯವೇದ, ಅಂದರೆ ಬೈಬಲಿನ ಹಳೆಯ ಕನ್ನಡ ಅನುವಾದ, ಬಾಯಿಪಾಠ. "ಎಣಿಸಲ್ಪಡಲಿ" ಎಂಬಂಥ ರೂಪಗಳಲ್ಲಿ ಮಕ್ಕಳು ಎಡವುತ್ತಾರೆ. ವೇದಭಾಗವನ್ನು ಸರಳ ಅನುವಾದದಲ್ಲಿ ಓದಿ. ಕೀರ್ತನೆ ಮತ್ತು ಕರ್ತನ ಪ್ರಾರ್ಥನೆ ಮಾತ್ರ ಹಳೆಯದರಲ್ಲೇ ಇರಲಿ. ಅವೆರಡು ಅರ್ಥವಾಗುವ ಮೊದಲೇ ಬಾಯಿಗೆ ಬರಬೇಕಾದವು. ಮಾವನವರಿಗೆ ಪುಸ್ತಕವಿಲ್ಲದೆ ಅವು ಬರುತ್ತವೆ, ಹೇಳಿಕೊಡುವ ಕೆಲಸ ಅವರದೇ ಆಗಲಿ. ಕೀರ್ತನೆಯ ಒಂದು ಸಾಲು ಅಜ್ಜ, ಮುಂದಿನ ಸಾಲು ಎಲ್ಲರೂ. ಅವರು ತೂಕಡಿಸುವುದು ಬಹುಪಾಲು ಅಲ್ಲಿಗೇ ನಿಲ್ಲುತ್ತದೆ, ಏಕೆಂದರೆ ಸರದಿ ಮತ್ತೆ ಮತ್ತೆ ಅವರಿಗೇ ಬರುತ್ತದೆ.

ಇನ್ನು ಹಾಡು. ನಿಮ್ಮ ಪತ್ರದಲ್ಲಿ ನಿಜವಾಗಿ ಕಷ್ಟದ ಭಾಗ ಇದೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು.

ಹಾಡು ಗಂಟಲಿಗೆ ಏರದಿರುವುದು ಕಂಠದ ದೋಷವಲ್ಲ, ಶ್ರುತಿಯ ದೋಷ. ವಾದ್ಯವಿಲ್ಲದಾಗ ಯಾರೋ ಒಬ್ಬರು ತೋಚಿದ ಶ್ರುತಿಯಲ್ಲಿ ಎತ್ತಿಕೊಳ್ಳುತ್ತಾರೆ. ಎಲ್ಲರೂ ಬಲ್ಲ "ಓಲ್ಡ್ ಹಂಡ್ರೆತ್" ರಾಗವನ್ನು ನೋಡಿ. 1551ರ ಜಿನೀವಾ ಕೀರ್ತನೆ ಪುಸ್ತಕದಿಂದ ಬಂದದ್ದು, ಸಾಲಿಗೆ 8 ಸ್ವರ, ನಾಲ್ಕು ಸಾಲು:

ಸ ಸ ನಿ ದ ಪ ಸ ರಿ ಗ
ಗ ಗ ಗ ರಿ ಸ ಮ ಗ ರಿ
ಸ ರಿ ಗ ರಿ ಸ ದ ನಿ ಸ
ಪ ಗ ಸ ರಿ ಮ ಗ ರಿ ಸ

ಸ್ವರಗಳೆಲ್ಲ ಶಂಕರಾಭರಣದವು. ಮೊದಲ ಸಾಲಿನ ನಿ ದ ಪ, ಮೂರನೆಯ ಸಾಲಿನ ದ ನಿ ಮಂದ್ರದವು. ಮೊದಲ ಸಾಲು ಕೆಳಗಿಳಿಯುವುದರಿಂದ ಎತ್ತಿಕೊಳ್ಳುವವರಿಗೆ ಶ್ರುತಿ ಹಿತವಾಗಿಯೇ ಇದೆ ಅನಿಸುತ್ತದೆ. ನಾಲ್ಕನೆಯ ಸಾಲು ಶುರುವಾಗುವುದೇ ಮೇಲಿನ ಪದಿಂದ, ಅಲ್ಲಿ ಎಲ್ಲರ ಕಂಠವೂ ಒಡೆಯುತ್ತದೆ. ಪುಸ್ತಕಗಳಲ್ಲಿ ಇದನ್ನು ಹೆಚ್ಚಾಗಿ ಜಿ ಶ್ರುತಿಗೆ, ಅಂದರೆ ಹಾರ್ಮೋನಿಯಂನ ಬಿಳಿ ಐದಕ್ಕೆ ಹೊಂದಿಸಿರುತ್ತಾರೆ. ಮನೆಯಲ್ಲಿ ಒಂದು ಮೆಟ್ಟಿಲು ಇಳಿಸಿ ಬಿಳಿ ನಾಲ್ಕಕ್ಕೆ, ಎಫ್‌ಗೆ ತನ್ನಿ. ಆಗ ಇಡೀ ರಾಗ ಕೆಳಗಿನ ಸಿ ಇಂದ ಮೇಲಿನ ಸಿ ತನಕ ಒಂದೇ ಸ್ಥಾಯಿಯೊಳಗೆ ಕೂರುತ್ತದೆ. ಎಂಟರ ಮಗುವಿಗೂ ಸಿಗುತ್ತದೆ, ಒಂದು ಸ್ಥಾಯಿ ಕೆಳಗೆ ಹಾಡುವ ಮಾವನವರಿಗೂ ಸಿಗುತ್ತದೆ. ಮೊಬೈಲಿನಲ್ಲಿ ತಂಬೂರಿ ಆ್ಯಪ್ ಹಾಕಿಕೊಂಡು ಎಫ್‌ಗೆ ಇಡಿ, ಹತ್ತು ಸೆಕೆಂಡು ನುಡಿಯಲು ಬಿಡಿ. ಮೊದಲ ಸಾಲನ್ನು ಎತ್ತುವ ಮುಂಚೆ ನಾಲ್ಕನೆಯ ಸಾಲಿನ ಪವನ್ನು ಮೆಲ್ಲಗೆ ಗುನುಗಿ ನೋಡಿ. ಅದು ಸಲೀಸಾಗಿ ಬಂದರೆ ಉಳಿದದ್ದೆಲ್ಲ ಬರುತ್ತದೆ.

ಎರಡನೆಯ ತೊಂದರೆ ಎಳೆತ. ಇಂಥ ರಾಗಗಳಲ್ಲಿ ಹೆಚ್ಚುಕಡಿಮೆ ಪ್ರತಿ ಅಕ್ಷರಕ್ಕೂ ಸಮಾನ ಕಾಲ. ಕನ್ನಡದಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನಿಧಾನವಾಗಿ ಎಳೆದರೆ ಮೂರು ಲಘುವಿನ "ಕರುಣೆ" "ಕಾರೂಣೇ" ಆಗಿಬಿಡುತ್ತದೆ, ಮಗು ಅದು ಬೇರೆ ಯಾವುದೋ ಪದ ಎಂದುಕೊಳ್ಳುತ್ತದೆ. ಮಿಷನರಿಗಳಲ್ಲೂ ಇದನ್ನು ಬಲ್ಲವರಿದ್ದರು. ನಿಘಂಟಿನ ಕಿಟೆಲರು ಕ್ರಿಸ್ತನ ಚರಿತ್ರೆಯನ್ನು ಕನ್ನಡದ್ದೇ ಛಂದಸ್ಸಿನಲ್ಲಿ "ಕಥಾಮಾಲೆ"ಯಾಗಿ ಬರೆದರು (1862), ನಾಗವರ್ಮನ ಛಂದಶ್ಶಾಸ್ತ್ರವನ್ನು 1875ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ನಿಮಗೆ ಉಪಾಯ ಇಷ್ಟೇ: ಬೇಗ ಹಾಡಿ. ಎಂಟು ಸ್ವರದ ಸಾಲು ಆರು ಸೆಕೆಂಡಿಗೆ, ಚರಣ ಅರ್ಧ ನಿಮಿಷದೊಳಗೆ ಮುಗಿಯಲಿ. ಆ ವೇಗದಲ್ಲಿ ಲಘು ಲಘುವಾಗಿಯೇ ಕೇಳಿಸುತ್ತದೆ. ಆರ್ಗನ್ನಿನ ಗಾಂಭೀರ್ಯ ಮನೆಗೆ ಬೇಕಿಲ್ಲ.

ರಾಗ ಗೊತ್ತಿಲ್ಲದ ಸಂಗೀತ ಬಂದರೆ ಅದರ ಅಳತೆ ನೋಡಿ. ಸಂಗೀತದ ತಲೆಯಲ್ಲಿ 8.8.8.8 ಎಂದೋ 8.6.8.6 ಎಂದೋ ಅಂಕಿ ಇದ್ದರೆ ಅದು ಸಾಲಿನ ಅಕ್ಷರ ಸಂಖ್ಯೆ. ಅಂಕಿ ಇಲ್ಲದಿದ್ದರೆ ಬೆರಳಲ್ಲಿ ಎಣಿಸಿ. ನಾಲ್ಕು ಸಾಲಿಗೂ ಎಂಟೆಂಟು ಇದ್ದರೆ ಮೇಲಿನ ರಾಗದಲ್ಲೇ ಹಾಡಬಹುದು. ಆದರೆ ಎಣಿಕೆ ಕೂಡಿದ ಮಾತ್ರಕ್ಕೆ ಹಾಡು ಕೂಡುವುದಿಲ್ಲ, ಪದದ ಮಧ್ಯದಲ್ಲಿ ಉಸಿರು ಒಡೆಯುತ್ತದೆಯೇ ಎಂದು ಒಂದು ಚರಣ ಹಾಡಿ ನೋಡಿ.

ಎಮ್ಮಾಹು ಭಾಗದ ವಾರಗಳಿಗೆ ಸಂಜೆಯ ಸಂಗೀತವೊಂದು ಸಿದ್ಧವಾಗಿಯೇ ಇದೆ. ಲೂಕ 24:29ರಿಂದ ಹುಟ್ಟಿದ, ಹೊತ್ತಿಳಿಯಿತು ನಮ್ಮೊಂದಿಗಿರು ಎಂದು ಬೇಡುವ ಹಾಡು. ಇಂಗ್ಲಿಷಿನಲ್ಲಿ "ಅಬೈಡ್ ವಿತ್ ಮಿ" ಎಂದು ಹೆನ್ರಿ ಫ್ರಾನ್ಸಿಸ್ ಲೈಟ್ ಬರೆದದ್ದು, 1847ರದು. ಈಗ ಹಾಡುವ "ಈವೆನ್‌ಟೈಡ್" ರಾಗವನ್ನು ವಿಲಿಯಂ ಹೆನ್ರಿ ಮಾಂಕ್ 1861ರಲ್ಲಿ ಕೊಟ್ಟರು. 2021ರ ತನಕ ದೆಹಲಿಯ ಬೀಟಿಂಗ್ ರಿಟ್ರೀಟ್‌ನಲ್ಲಿ ನುಡಿಯುತ್ತಿದ್ದದ್ದು ಇದೇ, ಆದ್ದರಿಂದ ಮಾವನವರ ಕಿವಿಯಲ್ಲಿ ಇದ್ದೇ ಇರುತ್ತದೆ. ಅಳತೆ 10.10.10.10. ಮುಖ್ಯವಾದ ಅನುಕೂಲವೆಂದರೆ ಇಡೀ ರಾಗ ಸದಿಂದ ದ ತನಕ ಆರೇ ಸ್ವರದೊಳಗಿದೆ, ಮುದಿ ಕಂಠಕ್ಕೂ ಎಳೆ ಕಂಠಕ್ಕೂ ಆಗುತ್ತದೆ. ಬಿಳಿ ಎರಡಕ್ಕೆ, ಡಿ ಶ್ರುತಿಗೆ ಇಡಿ. ಮೊದಲ ಸ್ವರ ಗ. ಎರಡನೆಯ ಸಾಲಿನ ಕೊನೆಯಲ್ಲಿ ಮಾತ್ರ ಪ್ರತಿ ಮಧ್ಯಮ (ಅರ್ಧ ಮೆಟ್ಟಿಲು ಮೇಲಿನ ಮ) ಬರುತ್ತದೆ. ಅಲ್ಲಿ ಶುದ್ಧ ಮಧ್ಯಮ ಹಾಡಿದರೆ ಏನೋ ಸೋತ ಹಾಗೆ ಕೇಳುತ್ತದೆ, ಆ ಎರಡು ಸ್ವರವನ್ನು ಬಿಡಿಯಾಗಿ ನಾಲ್ಕು ಸಲ ಹೇಳಿಸಿ.

ಇದರ ಜೊತೆಗೆ ರಾಗ-ತಾಳದಲ್ಲಿ ಹಾಡುವ ನಮ್ಮದೇ ಕೀರ್ತನೆಗಳಲ್ಲಿ (ಬೈಬಲಿನ ಕೀರ್ತನೆಗಳಲ್ಲ, ಹಾಡುಗಳು) ಒಂದನ್ನು, ಪಲ್ಲವಿ ಚರಣಗಳಿರುವಂಥದ್ದನ್ನು, ಇಟ್ಟುಕೊಳ್ಳಿ. ಅತ್ತೆಯವರಿಗಾಗಿ ಇದನ್ನು ವಿಶೇಷವಾಗಿ ಹೇಳುತ್ತಿದ್ದೇವೆ. ಕಿವಿ ಮಂದವಾದವರಿಗೆ ಹಾಡಿನ ಮಾತು ಕೇಳದಿದ್ದರೂ ತಾಳ ಕಣ್ಣಿಗೆ ಕಾಣುತ್ತದೆ. ಮಗು ಎದುರಿಗೆ ಕೂತು ಆದಿತಾಳ ಹಾಕಲಿ: ಒಂದು ತಟ್ಟು, ಮೂರು ಬೆರಳೆಣಿಕೆ, ತಟ್ಟಿ ಬೀಸು, ತಟ್ಟಿ ಬೀಸು, ಒಟ್ಟು ಎಂಟು. ಪಲ್ಲವಿ ಎಲ್ಲಿ ಮರಳಿತೆಂದು ಅವರಿಗೆ ಕೈ ನೋಡಿಯೇ ತಿಳಿಯುತ್ತದೆ. ವಯಸ್ಸಿನಿಂದ ಕಿವಿ ಮಂದವಾದಾಗ ಮೊದಲು ಹೋಗುವುದು ಮೇಲಿನ ಸ್ತರದ ಸದ್ದು, ಅಂದರೆ ಸ, ಶ, ತ, ಫದಂಥ ವ್ಯಂಜನಗಳು. ಕೂಗಿದರೆ ಸ್ವರ ದೊಡ್ಡದಾಗುತ್ತದೆಯೇ ಹೊರತು ವ್ಯಂಜನ ಸ್ಪಷ್ಟವಾಗುವುದಿಲ್ಲ. ಆದ್ದರಿಂದ ಓದುವವರು ಮೂರು ಅಡಿಯೊಳಗೆ, ಮುಖದ ಮೇಲೆ ಬೆಳಕು ಬೀಳುವ ಹಾಗೆ ಕೂತು, ತಗ್ಗಿದ ಧ್ವನಿಯಲ್ಲಿ ನಿಧಾನ ಓದಲಿ. ಫ್ಯಾನ್ ಆರಿಸಿ. ಆ ವಾರದ ವಚನಗಳನ್ನು 20 ಪಾಯಿಂಟ್ ಅಕ್ಷರದಲ್ಲಿ, ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಂತೆ ಒಂದೂವರೆ ಅಂತರ ಬಿಟ್ಟು ಮುದ್ರಿಸಿ ಅವರ ಕೈಗೆ ಕೊಡಿ.

ಮಕ್ಕಳಿಗೆ ಸಂಗೀತವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡಬೇಡಿ. ಆ ಲಿಪಿಯಲ್ಲಿ "ಬಲಿ"ಯೂ "ಬಳಿ"ಯೂ ಒಂದೇ. ಯೇಸುವಿನ ಬಳಿಗೆ ಬರುವುದಕ್ಕೂ ಯೇಸುವಿನ ಬಲಿಗೂ ಎಷ್ಟು ಅಂತರ! ಪುಣೆಯಲ್ಲಿ ಬೆಳೆದ ಮಕ್ಕಳಿಗೆ ಶಾಲೆಯಲ್ಲಿ ದೇವನಾಗರಿ ಬಂದಿರುತ್ತದೆ. ಮರಾಠಿಯಲ್ಲಿ ಳಕಾರವಿದೆ, ಣಕಾರವಿದೆ, ಅದರಲ್ಲೇ ಬರೆದುಕೊಡಿ. ಅಲ್ಲಿ ಒಂದು ಕೊರತೆ ಉಂಟು: ಹ್ರಸ್ವ ಎ, ಒ ಇಲ್ಲ. "ಕೊಡು"ವೂ "ಕೋಡು"ವೂ ಒಂದೇ ಆಗುತ್ತವೆ. ಹ್ರಸ್ವ ಇರುವಲ್ಲಿ ಕೆಂಪು ಪೆನ್ನಿನಿಂದ ಒಂದು ಚುಕ್ಕೆ ಇಡಿ. ನಾಲ್ಕು ವಾರ ಒಂದೇ ಹಾಡು ಇರುವುದರಿಂದ ಮೂರನೆಯ ವಾರ ದೇವನಾಗರಿಯ ಪಕ್ಕದಲ್ಲೇ ಕನ್ನಡ ಅಕ್ಷರವನ್ನೂ ಬರೆದು ಕೊಡಿ. ಬಾಯಿಗೆ ಬಂದ ಸಾಲನ್ನು ಕಣ್ಣು ತಾನಾಗಿ ಹಿಂಬಾಲಿಸುತ್ತದೆ. ಹಾಗೆ ಲಿಪಿ ಕಲಿತ ಮಕ್ಕಳು ಎಷ್ಟೋ ಮನೆಗಳಲ್ಲಿದ್ದಾರೆ.

ಒಟ್ಟು ಹೊತ್ತು ಹೀಗೆ ಕೂಡುತ್ತದೆ: ಬೈಬಲಿನ ಕೀರ್ತನೆ ಎರಡು ನಿಮಿಷ, ಸಂಗೀತದ ಮೂರು ಚರಣ ಎರಡು, ವೇದಭಾಗ ಎರಡು, ಪ್ರಸಂಗ ಏಳು, ಮೌನ ಎರಡು, ಮಾತು ನಾಲ್ಕು, ಬಿನ್ನಹ ಮೂರು, ಕರ್ತನ ಪ್ರಾರ್ಥನೆ ಒಂದು, ಕೊನೆಗೆ ತಾಳ ಹಾಕಿ ಹಾಡುವ ಕೀರ್ತನೆ ಎರಡು. ದಿನ ಮತ್ತು ಹೊತ್ತು ಬದಲಿಸಬೇಡಿ. ರಾತ್ರಿ ಊಟಕ್ಕೆ ಮುಂಚೆ ಒಳ್ಳೆಯದು, ಊಟವಾದ ಮೇಲೆ ಕೂತರೆ ಹಿರಿಯರಿಗೂ ಕಿರಿಯರಿಗೂ ನಿದ್ದೆ. ಒಂದು ವಾರ ತಪ್ಪಿದರೆ ಮುಂದಿನ ವಾರ ಎರಡನ್ನು ಸೇರಿಸಿ ಮಾಡಬೇಡಿ, ತಪ್ಪಿದ ಪಾಠವನ್ನು ಬಿಟ್ಟು ಆ ವಾರದ್ದನ್ನೇ ಓದಿ.

ಬಿನ್ನಹದಲ್ಲಿ ಒಬ್ಬೊಬ್ಬರು ಒಂದೊಂದು ವಾಕ್ಯ, ಅಷ್ಟೇ. ದೊಡ್ಡವರ ಪ್ರಾರ್ಥನೆ ಉದ್ದವಾದಾಗ ಅದು ಮೆಲ್ಲಗೆ ಮಕ್ಕಳಿಗೆ ಬುದ್ಧಿ ಹೇಳುವುದಾಗಿ ತಿರುಗುತ್ತದೆ, "ಇವಳಿಗೆ ಓದಿನಲ್ಲಿ ಮನಸ್ಸು ಕೊಡು ಕರ್ತನೇ" ಎಂದು. 13ರ ಹುಡುಗಿ ಅದನ್ನು ತಕ್ಷಣ ಗುರುತಿಸುತ್ತಾಳೆ, ಮುಂದಿನ ವಾರ ಬರುವುದಿಲ್ಲ. ಹಿರಿಯರನ್ನೆಲ್ಲ ನೀವು ಎನ್ನುವ ಮಕ್ಕಳು ದೇವರನ್ನು ನೀನು ಎನ್ನಲು ಹಿಂಜರಿಯಬಹುದು. ವಚನಕಾರರು, ದಾಸರು ಕರೆದದ್ದೂ ನೀನು ಎಂದೇ, ನಮ್ಮ ವೇದದ ಕನ್ನಡವೂ ಹಾಗೇ. ಅದು ಹತ್ತಿರದವರನ್ನು ಕರೆಯುವ ರೀತಿ ಎಂದು ಒಂದು ಸಲ ಹೇಳಿ. ಮುಗಿಸುವಾಗ 2 ಕೊರಿಂಥದ ಕೊನೆಯ ವಚನದ ಆಶೀರ್ವಾದವನ್ನು "ನಮ್ಮೆಲ್ಲರ ಸಂಗಡ ಇರಲಿ" ಎಂದು ಹೇಳಿಕೊಳ್ಳಿ. "ನಿಮ್ಮೆಲ್ಲರ ಸಂಗಡ" ಎನ್ನುವುದು ಸಭಾಪಾಲಕರು ಹೇಳುವ ರೀತಿ.

ಒಂದನ್ನು ಮಾತ್ರ ಮನೆಯಲ್ಲೇ ಮಾಡಲು ಹೋಗಬೇಡಿ: ಕರ್ತನ ಭೋಜನ (ಪ್ರಭುಭೋಜನ), ಅಂದರೆ ರೊಟ್ಟಿ ಮತ್ತು ದ್ರಾಕ್ಷಾರಸ ಕೊಡುವ ಸಂಸ್ಕಾರ. ಮಾವನವರು ಎಷ್ಟು ತಿಂಗಳಿಂದ ಅದಿಲ್ಲದೆ ಇದ್ದಾರೋ, ಅವರಾಗಿ ಕೇಳಿರಲಿಕ್ಕಿಲ್ಲ. ನಿಮಗೆ ಹತ್ತಿರದ ಸಿಎಸ್‌ಐ ಅಥವಾ ಸಿಎನ್‌ಐ (ಚರ್ಚ್ ಆಫ್ ನಾರ್ತ್ ಇಂಡಿಯಾ) ಸಭೆಯ ಅಯ್ಯನವರಿಗೆ, ಅಂದರೆ ಸಭಾಪಾಲಕರಿಗೆ, ಫೋನ್ ಮಾಡಿ, ಮನೆಯಲ್ಲಿ ಮಲಗಿದ ಹಿರಿಯರಿದ್ದಾರೆ, ಪ್ರಭುಭೋಜನ ಕೊಡಲು ಬರಬೇಕು ಎಂದರೆ ಸಾಕು. ಅವರಿಗೆ ಕನ್ನಡ ಬಾರದಿದ್ದರೂ ಚಿಂತೆಯಿಲ್ಲ, ಕ್ರಮ ಒಂದೇ ಧಾಟಿಯದು. ಕರ್ತನ ಪ್ರಾರ್ಥನೆಯನ್ನು ಮಾತ್ರ ಕನ್ನಡದಲ್ಲಿ ಹೇಳುತ್ತೇವೆ ಎಂದು ಮೊದಲೇ ಕೇಳಿಕೊಳ್ಳಿ. ಮಂಚದ ಎತ್ತರಕ್ಕೆ ಒಂದು ಸಣ್ಣ ಮೇಜು, ಮೇಲೆ ಒಗೆದ ಬಿಳಿ ಬಟ್ಟೆ, ಒಂದು ಲೋಟ ಕುಡಿಯುವ ನೀರು, ಬೆನ್ನಿಗೆ ಎರಡು ದಿಂಬು ಇಡಿ. ಒಣ ರೊಟ್ಟಿ ನುಂಗಲು ಕಷ್ಟವಾಗುವುದಾದರೆ ಫೋನಿನಲ್ಲೇ ತಿಳಿಸಿ, ರಸದಲ್ಲಿ ಅದ್ದಿ ಕೊಡುತ್ತಾರೆ. ಮಕ್ಕಳು ಅಂದು ಶಾಲೆಯಿಂದ ಬಂದ ಮೇಲೆ ಹೊತ್ತು ಇಟ್ಟುಕೊಳ್ಳಿ, ಅಷ್ಟರೊಳಗೆ ಕಲಿತ ಸಂಗೀತವನ್ನು ಅಜ್ಜನ ಪಕ್ಕ ನಿಂತು ಅವರೇ ಎತ್ತಿಕೊಳ್ಳಲಿ.